ಮಾಗಿಯ ಕಾಲುವೆಯಲ್ಲಿ ಏಳಡಿ ದೋಣಿ

ಡಿಸೆಂಬರಿನಲ್ಲಿ ಇಂಗ್ಲೆಂಡಿನ ನಡುನಾಡಿನಲ್ಲಿ ಬೆಳಕು ಹರಿಯುವುದೇ ಎಂಟು ಗಂಟೆ ದಾಟಿದ ಮೇಲೆ. ಸಂಜೆ ನಾಲ್ಕಕ್ಕೆಲ್ಲ ಕತ್ತಲೆ. ದೋಣಿ ಬಿಡುವವರಿಗೆ ದಿನವೆಂದರೆ ಅಷ್ಟೇ. ಗ್ರ್ಯಾಂಡ್ ಯೂನಿಯನ್ ಮತ್ತು ಆಕ್ಸ್‌ಫರ್ಡ್ ಕಾಲುವೆಗಳು ಕೂಡುವ ಬ್ರಾನ್‌ಸ್ಟನ್ ಹಳ್ಳಿಯಿಂದ ನೇಪ್ಟನ್ ಗುಡ್ಡದ ಬುಡದ ಮೊದಲ ಲಾಕಿಗೆ (ದೋಣಿಯನ್ನು ಏರಿಸಿ ಇಳಿಸುವ ಬಾಗಿಲುಳ್ಳ ನೀರಿನ ತೊಟ್ಟಿಗೆ) ಸುಮಾರು 11 ಕಿಲೋಮೀಟರ್. ನ್ಯಾರೋಬೋಟಿನಲ್ಲಿ ಹೊರಟರೆ ಅರ್ಧ ದಿನ ಅಲ್ಲಿಗೇ ಮುಗಿಯಿತು. ವೇಗಮಿತಿ ಗಂಟೆಗೆ 4 ಮೈಲಿ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕ ಅದಕ್ಕೂ ನಿಧಾನವಾಗಿ ಹೋಗಬೇಕು. ಇಲ್ಲದಿದ್ದರೆ ಒಳಗಿದ್ದವರ ಚಹಾ ಚೆಲ್ಲಿ ಕಿಟಕಿಯಿಂದ ಬೈಗುಳ ಬರುತ್ತದೆ.

ನ್ಯಾರೋಬೋಟುಗಳ ಅಗಲ 7 ಅಡಿಗೆ ಎರಡು ಇಂಚು ಕಡಿಮೆ, ಉದ್ದ 70 ಅಡಿಯವರೆಗೂ ಉಂಟು. ರೈಲ್ವೆ ಬೋಗಿಯನ್ನು ನೀರಿಗಿಳಿಸಿದಂತೆ ಕಾಣುತ್ತವೆ. ಈ ಅಳತೆಗೆ ಕಾರಣ ಲಾಕುಗಳು. 1761ರಲ್ಲಿ ವರ್ಸ್ಲಿ ಗಣಿಗಳ ಕಲ್ಲಿದ್ದಲು ಸಾಗಿಸಲು ತೆರೆದ ಬ್ರಿಡ್ಜ್‌ವಾಟರ್ ಕಾಲುವೆಯಿಂದ ಹೆಸರಾದ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ, ನಡುನಾಡಿನ ಕಾಲುವೆಗಳಿಗೆ ಕಿರಿದಾದ ಲಾಕುಗಳನ್ನೇ ಹಾಕಿದ. ಕಟ್ಟುವ ಖರ್ಚೂ ಕಡಿಮೆ, ನೀರೂ ಉಳಿತಾಯ. ಗುಡ್ಡ ಎದುರಾದರೆ ಕಡಿಯುವ ಬದಲು ಬಳಸಿಕೊಂಡು ಹೋಗುವುದು ಅವನ ರೀತಿ. 1790ರಲ್ಲಿ ಮುಗಿದ ಆಕ್ಸ್‌ಫರ್ಡ್ ಕಾಲುವೆಯ ಉತ್ತರ ಭಾಗವನ್ನು ಮುಂದೆ ನೇರ ಮಾಡಿದರು. ದಕ್ಷಿಣ ಭಾಗ ಇಂದಿಗೂ ಅವನ ಅಂಕುಡೊಂಕಿನಲ್ಲೇ ಇದೆ.

ಬೇಸಿಗೆಯ ಕಾಲುವೆ ರಜೆಯವರದು. ಅದು ದುಡಿಯಲು ಹುಟ್ಟಿದ್ದೆಂಬುದು ಚಳಿಗಾಲದಲ್ಲೇ ಮನದಟ್ಟಾಗುವುದು. ಎಲೆ ಉದುರಿದ ಬೇಲಿಗಳಾಚೆ ಹಳೆಯ ಉಳುಮೆಯ ಏರುತಗ್ಗುಗಳು ಇಬ್ಬನಿ ಹಿಡಿದು ಗೆರೆಗೆರೆಯಾಗಿ ಎದ್ದು ಕಾಣುತ್ತವೆ. ಮಧ್ಯಯುಗದ ಕೊನೆಯಲ್ಲಿ ಜನ ಬಿಟ್ಟುಹೋದ ವುಲ್ಫಮ್‌ಕೋಟಿನ ಚರ್ಚು ಹೊಲದ ನಡುವೆ ಒಂಟಿಯಾಗಿ ನಿಂತಿದೆ. ಚುಕ್ಕಾಣಿ ಹಿಡಿದವರು ನಿಲ್ಲುವುದು ದೋಣಿಯ ಹಿಂತುದಿಯಲ್ಲಿ, ಬಯಲಿನಲ್ಲಿ. ಹಳೆಯ ಮಾದರಿಯ ದೋಣಿಯಾದರೆ ಹಿಂಬಾಗಿಲ ಒಳಗೆ ನಿಲ್ಲಬಹುದು: ಸೊಂಟದಿಂದ ಕೆಳಗೆ ಒಲೆಯ ಶಾಖ, ಮೇಲೆ ಮೂಗು ಕಿತ್ತುಹೋಗುವಂಥ ಚಳಿ. ಬಲಕ್ಕೆ ಹೋಗಬೇಕೆಂದರೆ ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಬೇಕು. ಹೇಳಿದ್ದು ದೋಣಿಗೆ ಕೇಳಿಸಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಗಾಬರಿಯಾಗಿ ಇನ್ನಷ್ಟು ತಳ್ಳಿದವರು ದಡದ ಜೊಂಡಿನೊಳಗೆ ನುಗ್ಗಿರುತ್ತಾರೆ.

ನೇಪ್ಟನ್ನಿನಲ್ಲಿ 9 ಲಾಕುಗಳು ಗುಡ್ಡ ಹತ್ತಿಸುತ್ತವೆ. ದೋಣಿ ಒಳಗೆ ಹೋದರೆ ಎರಡೂ ಬದಿಗೆ ಅಂಗೈ ತೂರುವಷ್ಟೂ ಜಾಗವಿರುವುದಿಲ್ಲ. ಕೆಳಗಿನ ಬಾಗಿಲು ಮುಚ್ಚಿ ಮೇಲಿನ ತೂಬು ಎತ್ತಬೇಕು. ಅದಕ್ಕೆ ದೋಣಿಯವರ ಬಳಿ ಸದಾ ಮೊಣಕೈಯಂತೆ ಬಾಗಿದ ಕಬ್ಬಿಣದ ಹಿಡಿ, ವಿಂಡ್ಲಾಸ್, ಇರುತ್ತದೆ. ತಿರುಗಿಸಿದಂತೆ ಹಲ್ಲುಚಕ್ರ ಟಕಟಕ ಎನ್ನುತ್ತದೆ. ತಡೆಕೀಲು ಕೂರದಿದ್ದಾಗ ಕೈ ಬಿಟ್ಟರೆ ಹಿಡಿ ಗಿರ್ರನೆ ತಿರುಗಿ ಮಣಿಕಟ್ಟು ಮುರಿದೀತು. ಸುಮಾರು ಒಂದು ಲಕ್ಷ ಲೀಟರ್ ನೀರು ತುಂಬಿ ಎರಡೂ ಕಡೆ ಸಮವಾಗುವವರೆಗೆ ಬಾಗಿಲು ಜಪ್ಪಯ್ಯ ಅಂದರೂ ಅಲ್ಲಾಡದು. ಸಮವಾದ ಮೇಲೆ ಉದ್ದನೆಯ ಓಕ್ ತೊಲೆಗೆ ಬೆನ್ನು ಕೊಟ್ಟು ಒಬ್ಬರೇ ತೆರೆಯಬಹುದು. ಕಾಲಿಗೆ ಆನಿಕೆಯಾಗಲೆಂದು ನೆಲದಲ್ಲಿ ಇಟ್ಟಿಗೆಯ ಏಣುಗಳಿವೆ; ಮಂಜು ಕಟ್ಟಿದ ಬೆಳಿಗ್ಗೆ ಅವುಗಳ ಬೆಲೆ ಗೊತ್ತಾಗುತ್ತದೆ.

ಮಂಜುಗಡ್ಡೆ ಈ ಕಾಲುವೆಗಳ ಹಳೆಯ ಶತ್ರು. ಹಿಂದೆ ಅದನ್ನು ಒಡೆಯಲೆಂದೇ ಬೇರೆ ದೋಣಿಗಳಿದ್ದವು: ದಡದಲ್ಲಿ ಕುದುರೆಗಳ ಸಾಲು ಎಳೆಯುತ್ತಿದ್ದರೆ, ಮೇಲೆ ನಿಂತ ಆಳುಗಳು ನಡುವಿನ ಕಂಬಿ ಹಿಡಿದು ದೋಣಿಯನ್ನು ಎಡಬಲಕ್ಕೆ ಓಲಾಡಿಸುತ್ತಿದ್ದರು. 1962ರ ಕ್ರಿಸ್‌ಮಸ್ ವೇಳೆಗೆ ಹಿಡಿದ ಚಳಿ ಮಾರ್ಚಿನವರೆಗೂ ಬಿಡಲಿಲ್ಲ. ಸರಕು ಹೊತ್ತ ದೋಣಿಗಳು ನಿಂತಲ್ಲೇ ಹೂತವು, ಗಿರಾಕಿಗಳು ಲಾರಿಗಳ ಪಾಲಾದರು. ರೈಲು, ರಸ್ತೆಗಳ ಪೈಪೋಟಿಯಲ್ಲಿ ಮೊದಲೇ ಸೊರಗಿದ್ದ ಸಾಗಣೆಯನ್ನು ಸರ್ಕಾರಿ ಮಂಡಳಿ 1963ರಲ್ಲಿ ಬಹುಪಾಲು ಕೈಬಿಟ್ಟಿತು. ಲಂಡನ್ ಪಶ್ಚಿಮದ ಜಾಮ್ ಕಾರ್ಖಾನೆಗೆ ಬ್ರಾನ್‌ಸ್ಟನ್ ಮೂಲಕವೇ ಹೋಗುತ್ತಿದ್ದ ಕಲ್ಲಿದ್ದಲು 1970ರಲ್ಲಿ ನಿಂತಿತು. ಕಾಲುವೆಗಳು ಮುಚ್ಚದೆ ಉಳಿದದ್ದಕ್ಕೆ ಲೇಖಕ ಟಾಮ್ ರೋಲ್ಟ್ ಒಂದು ಕಾರಣ. 1939ರಲ್ಲಿ ಆಕ್ಸ್‌ಫರ್ಡ್ ಕಾಲುವೆಯ ಬ್ಯಾನ್‌ಬರಿಯಿಂದ ದೋಣಿಯಲ್ಲಿ ಹೊರಟು ಅವರು ಬರೆದ ಪುಸ್ತಕ 1944ರಲ್ಲಿ ಬಂತು. ಅದರ ಬೆನ್ನಿಗೇ 1946ರಲ್ಲಿ ಒಳನಾಡು ಜಲಮಾರ್ಗಗಳ ಸಂಘ ಹುಟ್ಟಿತು.

ಈಗ ಕಲ್ಲಿದ್ದಲು ಬೇಕಿರುವುದು ದೋಣಿಯವರಿಗೇ. ವರ್ಷಪೂರ್ತಿ ನೀರಿನ ಮೇಲೇ ಬದುಕುವವರು ಸಾವಿರಾರು ಜನ. ಕಾಯಂ ಕಟ್ಟುವ ಜಾಗವಿಲ್ಲದವರು ಒಂದೆಡೆ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಅವರಿಗಾಗಿ ಇಂಧನದ ದೋಣಿಗಳು ಬರುತ್ತವೆ, ಅನೇಕವು ಒಂದು ಕಾಲದ ಸರಕು ದೋಣಿಗಳೇ: ಕಲ್ಲಿದ್ದಲ ಚೀಲ, ಡೀಸೆಲ್, ಗ್ಯಾಸ್ ಸಿಲಿಂಡರ್. ಬರುವ ದಿನ ತಪ್ಪಿದರೆ ಒಲೆ ತಣ್ಣಗೆ. ನಲ್ಲಿಯ ನೀರು ಹೆಪ್ಪುಗಟ್ಟುವುದು, ಮಲದ ಡಬ್ಬಿ ಹೊತ್ತು ಸುರಿಯುವುದು, ಬೂದಿ ತೆಗೆಯುವುದು ಚಿತ್ರಗಳಲ್ಲಿ ಬರುವುದಿಲ್ಲ.

2012ರಿಂದ ಇಂಗ್ಲೆಂಡ್, ವೇಲ್ಸ್‌ನ 2,000 ಮೈಲಿ ಜಲಮಾರ್ಗ ಕೆನಾಲ್ ಆ್ಯಂಡ್ ರಿವರ್ ಟ್ರಸ್ಟಿನ ಕೈಯಲ್ಲಿದೆ. ದೊಡ್ಡ ರಿಪೇರಿಗೆ ಅದು ಆರಿಸಿಕೊಳ್ಳುವುದು ನವೆಂಬರಿನಿಂದ ಮಾರ್ಚ್. ನೀರು ಖಾಲಿ ಮಾಡಿ, ಸುಮಾರು ಇಪ್ಪತ್ತೈದು ವರ್ಷ ಬಾಳಿದ ಓಕ್ ಬಾಗಿಲು ಕಿತ್ತು, ಆ ಲಾಕಿನ ಅಳತೆಗೇ ಮಾಡಿಸಿದ ಹೊಸದನ್ನು ಕ್ರೇನಿನಲ್ಲಿ ಇಳಿಸುತ್ತಾರೆ. ಹೀಗಾಗಿ ಚಳಿಗಾಲದಲ್ಲಿ ಹೊರಡುವವರು ಹವಾಮಾನಕ್ಕಿಂತ ಮೊದಲು ಮುಚ್ಚಿದ ಲಾಕುಗಳ ಪಟ್ಟಿ ನೋಡಬೇಕು. ಲಂಡನ್ನಿನಿಂದ ರಗ್ಬಿಗೆ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ, ಅಲ್ಲಿಂದ ಬ್ರಾನ್‌ಸ್ಟನ್ ಹತ್ತಿರ. ಬಾಡಿಗೆ ದೋಣಿ ನಡೆಸಲು ಚಾಲನಾ ಪರವಾನಗಿ ಬೇಡ, ಹೊರಡುವ ಮುನ್ನ ಹೇಳಿಕೊಡುತ್ತಾರೆ. ಎರಡು ಜೊತೆ ಕೈಗವಸು ಇರಲಿ. ಮೊದಲನೆಯದು ಮೊದಲ ಲಾಕಿನಲ್ಲೇ ಒದ್ದೆಯಾಗುತ್ತದೆ.