ಹುಳುಗಳು ಕಲಸಿಟ್ಟ ಐದು ಸಾವಿರ ವರ್ಷ

ಸುಮಾರು 7 ಲಕ್ಷ 90 ಸಾವಿರ ವರ್ಷಗಳ ಹಿಂದೆ ಆಗ್ನೇಯ ಏಷ್ಯಾದ ಕಡೆ ಒಂದು ದೊಡ್ಡ ಆಕಾಶಕಾಯ ಬಂದು ಬಡಿಯಿತು. ಆ ಕಾವಿಗೆ ನೆಲದ ಕಲ್ಲು ಕರಗಿ ಮೇಲಕ್ಕೆ ಚಿಮ್ಮಿತು. ಗಾಜಿನ ಮಣಿಗಳಾಗಿ ಗಟ್ಟಿಗೊಂಡು ಆಸ್ಟ್ರೇಲಿಯಾ, ಹಿಂದೂ ಮಹಾಸಾಗರಗಳ ಉದ್ದಗಲಕ್ಕೆ ಉದುರಿತು. ಕಡಲಿಗೆ ಬಿದ್ದ ಮಣಿಗಳಲ್ಲಿ ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು. ನೀರಿನೊಳಗೆ ಇಳಿದು ತಳ ಮುಟ್ಟಲು ಅವಕ್ಕೆ ಕೆಲವು ದಿನಗಳು ಸಾಕು. ಹಾಗಾಗಿ ಇಂದು ಕಡಲತಳಕ್ಕೆ ಕೊಳವೆ ಇಳಿಸಿ ಹೂಳಿನ ಕಂಬವೊಂದನ್ನು ಮೇಲೆತ್ತಿದರೆ, ಆ ಮಣಿಗಳು ಒಂದೇ ಒಂದು ತೆಳು ಗೆರೆಯಾಗಿ ಕಾಣಬೇಕು.

ಹಾಗೆ ಕಾಣುವುದಿಲ್ಲ. ಅಮೆರಿಕದ ಭೂವಿಜ್ಞಾನಿ ಬಿಲ್ಲಿ ಗ್ಲಾಸ್ 1969ರಲ್ಲೇ ತೋರಿಸಿದಂತೆ, ಮಣಿಗಳು ಹೂಳಿನ ಕಂಬದಲ್ಲಿ ಹಲವು ಹತ್ತು ಸೆಂಟಿಮೀಟರುಗಳಷ್ಟು ಉದ್ದಕ್ಕೆ ಮೇಲೂ ಕೆಳಗೂ ಚೆದುರಿಕೊಂಡಿವೆ. ಅಷ್ಟು ಆಳದಲ್ಲಿ ಅಲೆಯ ಹೊಡೆತವಿಲ್ಲ, ಬಿರುಗಾಳಿಯ ಪ್ರಭಾವವೂ ಇಲ್ಲ. ಮಣಿಗಳನ್ನು ಎತ್ತಿ ಇಳಿಸಿದವರು ತಳದ ಕೆಸರಿನಲ್ಲೇ ಬದುಕುವ ಹುಳುಗಳು, ಚಿಪ್ಪಿನ ಜೀವಿಗಳು, ಕಡಲ ಸೌತೆಗಳು, ಕೆಸರಿನೊಳಗೆ ತೂರಿಕೊಂಡು ಸಾಗುವ ಕಡಲ ಚೇಳೆಗಳು. ಜೀವಿಗಳು ಹೀಗೆ ತಳವನ್ನು ಕಲಸುವುದಕ್ಕೆ ವಿಜ್ಞಾನಿಗಳು ಬಯೋಟರ್ಬೇಷನ್ ಎನ್ನುತ್ತಾರೆ. ನಾವು ಕಲಸಾಟ ಎನ್ನೋಣ.

ಮಣ್ಣು ಕಲಸುವ ಹುಳುಗಳನ್ನು ಮೊದಲು ಗಂಭೀರವಾಗಿ ಎಣಿಕೆಗೆ ತೆಗೆದುಕೊಂಡವನು ಚಾರ್ಲ್ಸ್ ಡಾರ್ವಿನ್. ಸಾಯುವ ಹಿಂದಿನ ವರ್ಷ, 1881ರಲ್ಲಿ, ಅವನು ಬರೆದ ಕೊನೆಯ ಪುಸ್ತಕ ಎರೆಹುಳುಗಳ ಬಗ್ಗೆ. ಇಂಗ್ಲೆಂಡಿನ ಎಷ್ಟೋ ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್ನಿಗಿಂತ ಹೆಚ್ಚು ಮಣ್ಣು ಎರೆಹುಳುಗಳ ಹೊಟ್ಟೆ ಹಾದು ಬರುತ್ತದೆ ಎಂಬುದು ಅವನ ಲೆಕ್ಕ. ಹತ್ತು ವರ್ಷಗಳ ನಂತರ ಚಾರ್ಲ್ಸ್ ಡೇವಿಸನ್ ಎಂಬಾತ ಇದೇ ಲೆಕ್ಕವನ್ನು ಕಡಲಂಚಿಗೆ ಒಯ್ದ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹೋಲಿ ಐಲೆಂಡ್ ಬಳಿ, ಇಳಿತದಲ್ಲಿ ತೆರೆದುಕೊಳ್ಳುವ ಮರಳಿನ ಮೇಲೆ, ಲಗ್‌ವರ್ಮ್ ಎಂಬ ಹುಳು ಹೊರಹಾಕಿದ ಸುರುಳಿಗಳನ್ನು ಎಣಿಸಿ, ತೂಕಹಾಕಿ ನೋಡಿದ. ಬಂದ ಉತ್ತರ: ಎಕರೆಗೆ ವರ್ಷಕ್ಕೆ ಸುಮಾರು 1,900 ಟನ್ ಮರಳು! ಡಾರ್ವಿನ್ನನ ಎರೆಹುಳುಗಳು ಇದರ ಮುಂದೆ ಸೋಮಾರಿಗಳು.

ಲಗ್‌ವರ್ಮ್ ಇರುವುದು ಇಂಗ್ಲಿಷಿನ 'ಜೆ' ಅಕ್ಷರದ ಆಕಾರದ ಬಿಲದಲ್ಲಿ, 20ರಿಂದ 40 ಸೆಂಟಿಮೀಟರ್ ಆಳಕ್ಕೆ. ತಲೆಯ ಕಡೆಯ ಮರಳನ್ನು ಅದು ನುಂಗುತ್ತಲೇ ಇರುತ್ತದೆ. ನುಂಗಿದಂತೆಲ್ಲ ಮೇಲಿನ ಮರಳು ಕುಸಿದು ಬಾಯಿಗೇ ಬರುತ್ತದೆ, ಮೇಲ್ಮೈಯಲ್ಲಿ ಒಂದು ಗುಳಿ ಮೂಡುತ್ತದೆ. ಮರಳಿನ ಕಣಗಳಿಗೆ ಅಂಟಿದ ಪಾಚಿ, ಬ್ಯಾಕ್ಟೀರಿಯಾಗಳನ್ನು ಜೀರ್ಣಿಸಿಕೊಂಡ ಮೇಲೆ, ಹುಳು ಬಾಲದ ತುದಿಯನ್ನು ಬಿಲದ ಬಾಯಿಗೆ ಒಯ್ದು ಉಳಿದದ್ದನ್ನು ಹೊರಹಾಕುತ್ತದೆ. ಅದೇ ಡೇವಿಸನ್ ಎಣಿಸಿದ ಸುರುಳಿ. ಇಷ್ಟೇ ಅಲ್ಲ, ಮೈಯನ್ನು ಅಲೆಯಲೆಯಾಗಿ ಹಿಂಡುತ್ತ ಅದು ಬಿಲದೊಳಗೆ ನೀರನ್ನೂ ಹಾಯಿಸುತ್ತದೆ. ನೋಡಲು ಇದು ಉಸಿರಾಟದ ಏರ್ಪಾಟು ಮಾತ್ರ. ಆದರೆ ಕೆಸರಿನ ರಸಾಯನವನ್ನೇ ತಲೆಕೆಳಗು ಮಾಡುವ ಕೆಲಸವೂ ಇದೇ.

ಕರಾವಳಿಯ ಕೆಸರಿನಲ್ಲಿ ಆಮ್ಲಜನಕ ಸಾಮಾನ್ಯವಾಗಿ ಮೇಲಿನ ಕೆಲವೇ ಮಿಲಿಮೀಟರುಗಳವರೆಗೆ ಇಳಿಯುತ್ತದೆ. ಅದರ ಕೆಳಗೆ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳ ಸಾಮ್ರಾಜ್ಯ. ಅವು ಸಮುದ್ರದ ನೀರಿನ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಅದು ಕಬ್ಬಿಣದೊಂದಿಗೆ ಸೇರಿ ಕೆಸರು ಕಪ್ಪಾಗುತ್ತದೆ. ಅಘನಾಶಿನಿಯಂಥ ಅಳಿವೆಯಲ್ಲಿ ಬಳಚು ತೆಗೆಯಲು ಕೆಸರಿಗೆ ಕೈಹಾಕುವವರಿಗೆ ಆ ಕಪ್ಪೂ ಗೊತ್ತು, ಕೊಳೆತ ಮೊಟ್ಟೆಯ ನಾತವೂ ಗೊತ್ತು. ಅಂಥ ಕಪ್ಪು ಕೆಸರನ್ನು ಸೀಳಿ ನೋಡಿದರೆ, ಹುಳುವಿನ ಬಿಲದ ಸುತ್ತ ಮಾತ್ರ ತುಕ್ಕಿನ ಬಣ್ಣದ ಗೋಡೆ ಕಾಣುತ್ತದೆ. ಬಿಲದ ನೀರಿನಿಂದ ಆಮ್ಲಜನಕ ಅಲ್ಲಿಯವರೆಗೆ ಮುಟ್ಟಿದೆ ಎಂದರ್ಥ. ಆ ಗೋಡೆಯ ಒಳಬದಿಯ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೇಟ್ ಮಾಡಿದರೆ, ಅದಕ್ಕೆ ಒತ್ತಿಕೊಂಡೇ ಆಮ್ಲಜನಕವಿಲ್ಲದ ಕಡೆ ಇರುವ ಇನ್ನೊಂದು ಬಳಗ ಆ ನೈಟ್ರೇಟನ್ನು ನೈಟ್ರೋಜನ್ ಅನಿಲವಾಗಿಸಿ ಬಿಟ್ಟುಕೊಡುತ್ತದೆ. ಹೊಲದ ಗೊಬ್ಬರದಿಂದಲೂ ಊರಿನ ಕೊಚ್ಚೆಯಿಂದಲೂ ಕಡಲು ಸೇರುವ ನೈಟ್ರೋಜನ್ನಿನಲ್ಲಿ ಒಂದು ಪಾಲು ಹೀಗೆ ಗಾಳಿಗೆ ಮರಳುತ್ತದೆ.

ಎಷ್ಟು ಆಳದವರೆಗೆ ಈ ಕಲಸಾಟ? ಇದನ್ನು ಅಳೆಯಲು ಒಂದು ಸೊಗಸಾದ ಉಪಾಯವಿದೆ. ಗಾಳಿಯಲ್ಲಿರುವ ರೇಡಾನ್ ಅನಿಲ ಕ್ಷಯಿಸಿ ಸೀಸ-210 ಹುಟ್ಟುತ್ತದೆ, ಕಡಲನ್ನು ಸೇರಿ ತಳಕ್ಕಿಳಿಯುತ್ತದೆ. ಸುಮಾರು 22 ವರ್ಷಕ್ಕೆ ಅದು ಅರ್ಧವಾಗುತ್ತದೆ. ನೂರು ವರ್ಷ ಕಳೆದರೆ ಅಷ್ಟಿಷ್ಟು ಉಳಿದೀತು. ನಡುಗಡಲಿನ ತಳದಲ್ಲಿ ಸಾವಿರ ವರ್ಷಕ್ಕೆ ಎರಡು ಸೆಂಟಿಮೀಟರ್ ಹೂಳು ಕೂಡಿದರೆ, ನೂರು ವರ್ಷಕ್ಕೆ ಎರಡು ಮಿಲಿಮೀಟರ್. ಆದ್ದರಿಂದ ಸೀಸ-210 ಮೇಲಿನ ಕೆಲವು ಮಿಲಿಮೀಟರುಗಳಲ್ಲಿ ಮಾತ್ರ ಸಿಗಬೇಕು. ಸಿಗುವುದೋ ಹಲವು ಸೆಂಟಿಮೀಟರ್ ಕೆಳಗೆ! ತಾನೇ ತೂರಿಕೊಂಡು ಹೋಗಲು ಅದಕ್ಕೆ ಕಾಲಾವಕಾಶವಿರಲಿಲ್ಲ, ಯಾರೋ ಹೊತ್ತೊಯ್ದಿದ್ದಾರೆ. ಇಂಥ ಅಳತೆಗಳನ್ನು ಜಗತ್ತಿನ ಎಲ್ಲ ಕಡೆಯಿಂದ ಕಲೆಹಾಕಿದ ಬರ್ನಾರ್ಡ್ ಬೂದ್ರೋ 1990ರ ದಶಕದಲ್ಲಿ ಕಂಡುಕೊಂಡದ್ದು ಬೆರಗು ಹುಟ್ಟಿಸುತ್ತದೆ: ತೀರದಲ್ಲಿರಲಿ, ನಾಲ್ಕು ಕಿಲೋಮೀಟರ್ ಆಳದಲ್ಲಿರಲಿ, ಕಲಸಿದ ಪದರದ ದಪ್ಪ ಸರಾಸರಿ ಸುಮಾರು ಹತ್ತು ಸೆಂಟಿಮೀಟರ್. ಅವನ ವಿವರಣೆ ಹೊಟ್ಟೆಪಾಡಿನದು. ಆಹಾರ ಬೀಳುವುದು ಮೇಲಿನಿಂದ. ಕಲಸಿಕೊಂಡು ಕೆಳಗಿಳಿಯುವಷ್ಟರಲ್ಲಿ ಅದು ಕೊಳೆತು ಮುಗಿಯುತ್ತದೆ. ಏನೂ ಸಿಗದ ಕಡೆ ಅಗೆಯುವವರು ಯಾರು?

ಹತ್ತು ಸೆಂಟಿಮೀಟರ್ ಎಂದರೆ ನಡುಗಡಲಿನ ಹೂಳಿನಲ್ಲಿ ಐದು ಸಾವಿರ ವರ್ಷ. ಹಳೆಯ ಹವಾಮಾನವನ್ನು ಹುಡುಕುವವರು ಅಲ್ಲಿಂದ ಒಂದು ಚಿಟಿಕೆ ಕೆಸರು ತೆಗೆದು, ಅದರಲ್ಲಿನ ಫೊರಾಮಿನಿಫೆರಾ ಎಂಬ ಏಕಕೋಶಜೀವಿಗಳ ಚಿಪ್ಪುಗಳನ್ನು ಪರೀಕ್ಷಿಸುತ್ತಾರೆ. ಆ ಚಿಟಿಕೆಯಲ್ಲಿ ಸಾವಿರಾರು ವರ್ಷ ಹಿಂದುಮುಂದಾಗಿ ಸತ್ತವು ಒಟ್ಟಿಗಿರುತ್ತವೆ. ಇನ್ನೂರು ವರ್ಷ ಕಾಡಿದ ಒಂದು ಬರ ಅಲ್ಲಿ ಗುರುತೇ ಸಿಗದಷ್ಟು ಮಸುಕಾಗಬಹುದು.

ಹುಳುಗಳ ಕಾಟವಿಲ್ಲದ ಕಡೆ ಬೇಕೆಂದರೆ ನಮ್ಮ ಅರಬ್ಬಿ ಸಮುದ್ರಕ್ಕೇ ಬರಬೇಕು. ಇಲ್ಲಿ ಸುಮಾರು 200ರಿಂದ 1,000 ಮೀಟರ್ ಆಳದ ನಡುವೆ ಆಮ್ಲಜನಕ ತೀರ ಕಡಿಮೆ. ಕರಾಚಿಯ ಆಚೆ ಈ ನೀರು ತಾಗುವ ತಳದಲ್ಲಿ, ವರ್ಷಕ್ಕೊಂದು ಜೋಡಿಯಂತೆ ತಿಳಿ-ಗಾಢ ಬಣ್ಣದ ಪದರಗಳು ಕದಡದೆ ಕುಳಿತಿವೆ. ಜರ್ಮನಿಯ ಹಾರ್ಟ್‌ಮುಟ್ ಶುಲ್ಜ್, ಉಲ್ರಿಕ್ ಫಾನ್ ರಾಡ್ ಮತ್ತು ಸಂಗಡಿಗರು 1998ರಲ್ಲಿ ಅಲ್ಲಿನ 1,10,000 ವರ್ಷಗಳ ದಾಖಲೆಯನ್ನು ಪ್ರಕಟಿಸಿದರು. ಅದರಲ್ಲಿ ನನಗೆ ಹೆಚ್ಚು ಹಿಡಿಸುವುದು ಅಚ್ಚುಕಟ್ಟಾದ ಪದರಗಳಲ್ಲ, ನಡುನಡುವೆ ಪದರ ಕೆಟ್ಟಿರುವ ಪಟ್ಟಿಗಳು. ದೂರದ ಗ್ರೀನ್‌ಲೆಂಡಿನ ಹವಾಮಾನದ ಏರಿಳಿತಕ್ಕೆ ಇವು ತಾಳೆಯಾಗುತ್ತವೆ: ಗ್ರೀನ್‌ಲೆಂಡ್ ಬೆಚ್ಚಗಿದ್ದಾಗ ಇಲ್ಲಿ ಮುಂಗಾರು ಜೋರು. ಗಾಳಿಗೆ ಆಳದ ಸಾರವತ್ತಾದ ನೀರು ಮೇಲೆದ್ದು ಪಾಚಿ ಬೆಳೆದು, ಸತ್ತು ಕೊಳೆತು ಆಮ್ಲಜನಕವನ್ನೆಲ್ಲ ಹೀರಿತು, ಹುಳುಗಳು ಇಲ್ಲವಾದವು, ಪದರ ಉಳಿಯಿತು. ಗ್ರೀನ್‌ಲೆಂಡ್ ತಣ್ಣಗಾದಾಗ ಮುಂಗಾರು ಸೊರಗಿತು, ಆಮ್ಲಜನಕ ಮರಳಿತು, ಹುಳುಗಳು ಬಂದು ಎಲ್ಲವನ್ನೂ ಕಲಸಿಹಾಕಿದವು. ಎಂದರೆ ಅಲ್ಲಿ ಕಲಸಾಟವೇ ಮುಂಗಾರಿನ ದಾಖಲೆ.

ಇದರ ಸಣ್ಣ ಆವೃತ್ತಿ ಪ್ರತಿವರ್ಷ ಗೋವಾ-ಕಾರವಾರದ ಆಚೆಯ ಕಡಲಲ್ಲೂ ನಡೆಯುತ್ತದೆ. ಮುಂಗಾರಿನ ಕಾಲದಲ್ಲಿ ಆಳದ ನೀರು ತೀರದ ಕಡೆಗೆ ಮೇಲೇರುತ್ತದೆ; ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ತಳದ ಆಮ್ಲಜನಕ ಅಲ್ಲಲ್ಲಿ ಪೂರ್ತಿ ಬತ್ತುತ್ತದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಬತ್ತುವಿಕೆ ಹೆಚ್ಚುತ್ತಿತ್ತು; ನೆಲದಿಂದ ಹರಿದು ಬರುವ ಗೊಬ್ಬರದ ಮೇಲೆ ಅವರಿಗೆ ಗುಮಾನಿ. ಇಂಥ ಉಸಿರುಕಟ್ಟಿನ ನಂತರ ತಳಕ್ಕೆ ಮೊದಲು ಮರಳುವವು ಬೇಗ ಹುಟ್ಟಿ ಬೇಗ ಸಾಯುವ, ಮೇಲ್ಪದರವನ್ನಷ್ಟೇ ಕೆದಕುವ ಸಣ್ಣ ಹುಳುಗಳು. ಆಳಕ್ಕೆ ಬಿಲ ತೋಡಿ ನೀರು ಹಾಯಿಸುವ ದೊಡ್ಡ ಜೀವಿಗಳು ನೆಲೆಯೂರಲು ವರ್ಷಗಳೇ ಬೇಕು. ಅವು ಬರುವ ಮುನ್ನವೇ ಮುಂದಿನ ಸೆಪ್ಟೆಂಬರ್ ಬಂದರೆ, ಗೊಬ್ಬರದ ನೈಟ್ರೋಜನ್ನನ್ನು ಗಾಳಿಗೆ ಮರಳಿಸಬೇಕಿದ್ದ ಆ ತುಕ್ಕುಬಣ್ಣದ ಗೋಡೆಗಳೂ ಇರುವುದಿಲ್ಲ.