ಹಳ್ಳಿಗೆ ಬ್ರಾಡ್‌ಬ್ಯಾಂಡ್: ಕೇಬಲ್‌ಗಿಂತ ಮೊದಲು ಬರುವ ನಿಯಮಗಳು

ಹಳ್ಳಿಗಳಿಗೆ ಅಂತರ್ಜಾಲ ತಲುಪದಿದ್ದರೆ ದೂರವನ್ನೂ ಗುಡ್ಡಗಾಡನ್ನೂ ದೂಷಿಸುವುದು ವಾಡಿಕೆ. ವಾಸ್ತವವಾಗಿ, ಕೇಬಲ್ ಹೂಳುವ ಮುನ್ನವೇ ಮೂರು ಬಗೆಯ ನಿಯಮಗಳು ಗ್ರಾಮೀಣ ಬಳಕೆದಾರನ ಪಾಲನ್ನು ನಿರ್ಧರಿಸಿರುತ್ತವೆ.

ವೇಗದ ವ್ಯಾಖ್ಯೆ

2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್. ಈ ಮಿತಿ 2013ರಲ್ಲಿ 512 ಕಿಲೋಬಿಟ್‌ಗೆ, 2023ರಲ್ಲಿ 2 ಮೆಗಾಬಿಟ್‌ಗೆ ಏರಿತು. 2020ರಲ್ಲಿ ಶಾಲೆಗಳು ಮುಚ್ಚಿ, ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿದ ದಿನಗಳಲ್ಲಿಯೂ ಸರ್ಕಾರದ ಲೆಕ್ಕಕ್ಕೆ 512 ಕಿಲೋಬಿಟ್ ಸಾಕಾಗಿತ್ತು.

ನಿಧಿಯ ದಾರಿ

ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆಯ ಒಟ್ಟು ಆದಾಯದ ಶೇ 5ರಷ್ಟನ್ನು ಸಾರ್ವತ್ರಿಕ ಸೇವೆಗಾಗಿ ತೆರಬೇಕು. ಆ ನಿಧಿಗೆ 2023ರ ದೂರಸಂಪರ್ಕ ಕಾಯ್ದೆಯು ಡಿಜಿಟಲ್ ಭಾರತ್ ನಿಧಿ ಎಂಬ ಹೆಸರಿತ್ತಿದೆ. ಹಣ ಮೊದಲು ಭಾರತದ ಸಂಚಿತ ನಿಧಿಗೆ ಸೇರುತ್ತದೆ. ಸಂಸತ್ತು ಒಪ್ಪಿದಷ್ಟು ಮಾತ್ರ ಕಾಮಗಾರಿಗೆ ದೊರೆಯುತ್ತದೆ. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳನ್ನು ಬೆಸೆಯಲು 2011ರಲ್ಲಿ ಒಪ್ಪಿಗೆ ಪಡೆದು, ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆಗೆ ಆಧಾರ ಇದೇ ನಿಧಿ.

ನೆಲ ಅಗೆಯಲು ಅನುಮತಿ

ಒಂದೇ ಕೇಬಲ್ ಲೋಕೋಪಯೋಗಿ ಇಲಾಖೆಯ ರಸ್ತೆಯನ್ನೂ ಪಂಚಾಯಿತಿಯ ಜಾಗವನ್ನೂ ರೈಲು ಹಳಿಯನ್ನೂ ದಾಟಬೇಕಾಗಬಹುದು. ಪ್ರತಿಯೊಂದಕ್ಕೂ ಪ್ರತ್ಯೇಕ ಅನುಮತಿ ಬೇಕು. 2016ರ ನಿಯಮಗಳು ಅರ್ಜಿಯ ವಿಲೇವಾರಿಗೆ 60 ದಿನಗಳ ಗಡುವು ವಿಧಿಸಿ, ಉತ್ತರ ಬಾರದಿದ್ದರೆ ಅನುಮತಿ ದೊರೆತಂತೆಯೇ ಎಂದು ಸಾರಿದವು. ಆಡಳಿತ ಶುಲ್ಕ ಕಿಲೋಮೀಟರಿಗೆ 1,000 ರೂಪಾಯಿ ಮೀರಬಾರದೆಂದವು. 2023ರ ಕಾಯ್ದೆಯಡಿ ರೂಪಿಸಿದ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದಿವೆ. ಆದರೆ ಅರಣ್ಯ ಭೂಮಿಗೆ ಅರಣ್ಯ ಸಂರಕ್ಷಣಾ ಕಾನೂನು ಬೇರೆಯೇ ಅನ್ವಯಿಸುತ್ತದೆ. ಪಶ್ಚಿಮ ಘಟ್ಟದ ಅಂಚಿನ ಊರುಗಳು ಇದನ್ನು ಮರೆಯುವಂತಿಲ್ಲ.

ಕಚೇರಿಯಿಂದ ಮನೆಗೆ

ಈವರೆಗಿನ ಪ್ರಗತಿಯನ್ನು ಹೆಚ್ಚಾಗಿ ಅಳೆದದ್ದು ಪಂಚಾಯಿತಿ ಕಚೇರಿಗೆ ತಲುಪಿದ ಕೇಬಲ್‌ನಿಂದ. ಅಲ್ಲಿಂದ ಮನೆಗಿರುವ ದೂರ ಲೆಕ್ಕದ ಹೊರಗೇ ಉಳಿಯಿತು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಸುಮಾರು 1.39 ಲಕ್ಷ ಕೋಟಿ ರೂಪಾಯಿಗಳ ಪರಿಷ್ಕೃತ ಭಾರತ್‌ನೆಟ್ ಯೋಜನೆಯಲ್ಲಿ ನಿರ್ವಹಣೆಗೂ ಮನೆ ಸಂಪರ್ಕಕ್ಕೂ ಅವಕಾಶವಿದೆ. ಆದುದರಿಂದ ಗ್ರಾಮಸಭೆಯಲ್ಲಿ ನಾಗರಿಕರು ಕೇಳಬೇಕಾದ ಪ್ರಶ್ನೆಗಳು ಎರಡು: ಬಂದಿರುವ ಕೇಬಲ್ ಚಾಲನೆಯಲ್ಲಿದೆಯೇ? ಎಷ್ಟು ಮನೆಗಳಿಗೆ ಸಂಪರ್ಕ ದೊರೆತಿದೆ?