ನಿಫಾಡ್‌ನ ಚಳಿ ಕಂಡವರಿಗೂ ಹಾರ್ಬಿನ್ ಬೇರೆಯೇ

ನಿಫಾಡ್: ಮಹಾರಾಷ್ಟ್ರದಲ್ಲಿ ಚಳಿ ಎಂದೊಡನೆ ಕೇಳಿಬರುವ ಹೆಸರು ನಾಸಿಕ್ ಜಿಲ್ಲೆಯ ನಿಫಾಡ್. ಇಲ್ಲಿನ ಕುಂದೇವಾಡಿ ಗೋಧಿ ಸಂಶೋಧನಾ ಕೇಂದ್ರದಲ್ಲಿ 2018ರ ಡಿಸೆಂಬರ್ ಕೊನೆಯಲ್ಲಿ ಉಷ್ಣಾಂಶ 2 ಡಿಗ್ರಿಗಿಂತಲೂ ಕೆಳಗಿಳಿದಿತ್ತು. ಅಂಥ ದಿನಗಳಲ್ಲಿ ದ್ರಾಕ್ಷಿ ಬೆಳೆಗಾರರು ಕಾಯಿ ಬಿರಿಯದಿರಲೆಂದು ನಸುಕಿನಲ್ಲೇ ಎದ್ದು ತೋಟದಲ್ಲಿ ಬೆಂಕಿ ಹಾಕುತ್ತಾರೆ. ಇದೇ ತಾಲೂಕಿನ ಓಝರ್‌ನಲ್ಲಿ 1964ರಿಂದ ಎಚ್‌ಎಎಲ್ ವಿಮಾನ ಕಾರ್ಖಾನೆ ಇದೆ. ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರುವುದರಿಂದ ಕನ್ನಡದ ಮಾತು ಈ ಕಡೆಗೆ ಹೊಸದಲ್ಲ. ಇಲ್ಲಿ ಹತ್ತಾರು ಚಳಿಗಾಲ ಕಳೆದ ಹಿರಿಯರಿಗೆ ‘ಚಳಿ ನಮಗೇನು ಹೊಸದೇ’ ಎಂಬ ಧೈರ್ಯ ಸಹಜ. ಚೀನಾದ ಹಾರ್ಬಿನ್‌ಗೆ ಹೊರಡುವವರು ಮಾತ್ರ ಆ ಧೈರ್ಯವನ್ನು ಬದಿಗಿಡುವುದು ಲೇಸು.

ಹಾರ್ಬಿನ್ ಈಶಾನ್ಯ ಚೀನಾದ ಹೇಲೊಂಗ್‌ಜಿಯಾಂಗ್ ಪ್ರಾಂತದ ರಾಜಧಾನಿ. ಜನವರಿಯ ರಾತ್ರಿಗಳಲ್ಲಿ ಅಲ್ಲಿ ಮೈನಸ್ 25 ಡಿಗ್ರಿ ಎಂಬುದು ದೊಡ್ಡ ಸುದ್ದಿಯೇ ಅಲ್ಲ. ಹೆಪ್ಪುಗಟ್ಟಿದ ಸೋಂಗ್‌ಹುವಾ ನದಿಯಿಂದ ಮಂಜುಗಡ್ಡೆ ಕತ್ತರಿಸಿ ತಂದು, ಅರಮನೆ, ಗೋಪುರಗಳನ್ನು ಕಟ್ಟಿ, ಒಳಗೆ ಬಣ್ಣದ ದೀಪ ಬೆಳಗಿಸುತ್ತಾರೆ. 1985ರಲ್ಲಿ ಆರಂಭವಾದ ಈ ಹಿಮೋತ್ಸವ ಜನವರಿ 5ರಂದು ಉದ್ಘಾಟನೆಯಾಗುವುದು ವಾಡಿಕೆ. ರಷ್ಯನ್ನರು ರೈಲು ಮಾರ್ಗ ಹಾಕಿದ ಕಾಲದ ಸಂತ ಸೋಫಿಯಾ ಇಗರ್ಜಿಯೂ ನೋಡತಕ್ಕದ್ದು.

2020ರಲ್ಲಿ ನಿಂತಿದ್ದ ಭಾರತ–ಚೀನಾ ನೇರ ವಿಮಾನ ಸಂಚಾರ 2025ರ ಅಕ್ಟೋಬರ್‌ನಲ್ಲಿ ಮತ್ತೆ ಆರಂಭವಾಯಿತು.  ಬೀಜಿಂಗ್‌ನಿಂದ ಹಾರ್ಬಿನ್‌ಗೆ ವೇಗದ ರೈಲಿನಲ್ಲಿ ಸುಮಾರು ಐದು ಗಂಟೆ. ಚೀನೀಯರ ಹೊಸ ವರ್ಷದ ರಜೆಯಲ್ಲಿ ಮಾತ್ರ ಟಿಕೆಟ್ ಸಿಗುವುದು ಕಷ್ಟ.

ಮೊದಲು ಕೇಳಬೇಕಾದದ್ದು ಪ್ರವಾಸ ಏಜೆಂಟರನ್ನಲ್ಲ, ಮನೆಯ ವೈದ್ಯರನ್ನು. ಕೊರೆಯುವ ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ. ಆಸ್ತಮಾ ಇರುವವರಿಗೆ ಒಣ ತಂಪು ಗಾಳಿಯೇ ಸಾಕು, ಉಬ್ಬಸ ಶುರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಪ್ರವಾಸ ವಿಮೆ ಮಾಡಿಸುವಾಗ ಅದನ್ನು ಮುಚ್ಚಿಟ್ಟರೆ ಮುಂದೆ ಕ್ಲೇಮ್ ಸಿಗುವುದು ಅನುಮಾನ. ಒಂದೇ ದಪ್ಪ ಸ್ವೆಟರ್ ಸಾಲದು. ಒಳಗೆ ಥರ್ಮಲ್, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್, ಹೀಗೆ ಪದರ ಪದರವಾಗಿ ಇರಬೇಕು. ಹತ್ತಿ ಬನಿಯನ್ ಬೆವರು ಹಿಡಿದು ಮೈ ತಣ್ಣಗಾಗಿಸುತ್ತದೆ. ಬೂಟು ದಪ್ಪ ಕಾಲುಚೀಲಕ್ಕೆ ಜಾಗವಿರುವಂಥದ್ದು, ಜಾರದ ಅಡಿಯದ್ದು ಇರಲಿ. ಈ ವಯಸ್ಸಿನಲ್ಲಿ ಮಂಜಿನ ಮೇಲೆ ಜಾರಿ ಸೊಂಟ ಮುರಿದುಕೊಂಡರೆ ಪ್ರವಾಸವಷ್ಟೇ ಅಲ್ಲ, ವರ್ಷವೇ ಹೋಯಿತು. ಮೊಬೈಲ್ ಬ್ಯಾಟರಿ ಚಳಿಗೆ ಬೇಗ ಇಳಿಯುವುದರಿಂದ ಒಳಕಿಸೆಯಲ್ಲಿಡಬೇಕು. ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುವ ಊರು ಅದು.

ಇನ್ನು ಹಣದ ಮಾತು. ಯುಪಿಐ ಇದೆಯಲ್ಲ ಎಂದು ಹೊರಡುವಂತಿಲ್ಲ. ಅಲ್ಲಿ ತರಕಾರಿ ಅಂಗಡಿಯವರೂ ಅಲಿಪೇ, ವಿಚಾಟ್ ಮೂಲಕವೇ ಹಣ ಪಡೆಯುತ್ತಾರೆ. ಇವಕ್ಕೆ ವಿದೇಶಿಯರ ವೀಸಾ, ಮಾಸ್ಟರ್ ಕಾರ್ಡ್‌ಗಳನ್ನು ಜೋಡಿಸಬಹುದು. ಆದರೆ ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡಿನಲ್ಲಿ ವಿದೇಶಿ ಬಳಕೆ ಬಂದ್ ಆಗಿಯೇ ಬರುತ್ತದೆ. ಗ್ರಾಹಕರೇ ಕೇಳಿ ತೆರೆಸಬೇಕು. ಒಟಿಪಿ ಬರಲು ಊರಿನ ಸಿಮ್‌ಗೆ ರೋಮಿಂಗ್ ಬೇಕು. ಅಲ್ಲಿನ ಇಂಟರ್‌ನೆಟ್‌ನಲ್ಲಿ ವಾಟ್ಸಾಪ್ ನಡೆಯದ ಕಾರಣ, ಮಕ್ಕಳಿಗೆ ಸುದ್ದಿ ಮುಟ್ಟಿಸಲೂ ರೋಮಿಂಗೇ ಗತಿ. ಟೂರ್ ಪ್ಯಾಕೇಜಿಗೆ ಹಣ ಕಟ್ಟುವಾಗ ಟಿಸಿಎಸ್ ಎಂದು ಮೇಲೊಂದಿಷ್ಟು ಹಿಡಿಯುತ್ತಾರೆ. ಅದು ಹೋದ ಹಣವಲ್ಲ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿ ವಾಪಸು ಪಡೆಯಬಹುದು. ತೆರಿಗೆ ಬೀಳುವುದಿಲ್ಲವೆಂದು ನಿವೃತ್ತರಲ್ಲಿ ಹಲವರು ರಿಟರ್ನ್ಸನ್ನೇ ಸಲ್ಲಿಸುವುದಿಲ್ಲ. ಪ್ರವಾಸದ ವರ್ಷ ಹಾಗೆ ಮಾಡಿದರೆ ಕೈಬಿಟ್ಟಂತೆಯೇ ಸರಿ.

ಸಸ್ಯಾಹಾರಿಗಳು ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಳ್ಳಲಿ. ‘ವೋ ಚಿ ಸು’, ಅಂದರೆ ‘ನಾನು ಸಸ್ಯಾಹಾರಿ’, ಎಂಬುದನ್ನು ಚೀನೀ ಲಿಪಿಯಲ್ಲಿ ಬರೆಸಿಟ್ಟುಕೊಂಡರೆ ಹೆಚ್ಚು ಉಪಯೋಗ.

ಮರಳುವಾಗ ಬೀಜಿಂಗ್‌ನಲ್ಲಿ ಒಂದು ದಿನ ಮಿಕ್ಕಿದರೆ ರೈಲಿನಲ್ಲಿ ಶಿಜಿಯಾಝುವಾಂಗ್‌ಗೆ ಹೋಗಿ ಬರಬಹುದು. ಕನ್ನಡಿಗರ ನಂಟಿನ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿ, 1938ರಲ್ಲಿ ವೈದ್ಯ ತಂಡದೊಡನೆ ಚೀನಾಕ್ಕೆ ತೆರಳಿ, ಗಾಯಾಳು ಸೈನಿಕರ ಸೇವೆ ಮಾಡುತ್ತಲೇ 1942ರಲ್ಲಿ 32ನೇ ವಯಸ್ಸಿಗೆ ತೀರಿಕೊಂಡ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಸಮಾಧಿ ಅಲ್ಲಿದೆ.